ಕುರ್ಚಿಗೆ ಕಟ್ಟಿದ ಮಗ

ಹಾರರ್ ಸಿನಿಮಾ ನೋಡಿ ನಾನು ಅತ್ತದ್ದು ಒಂದೇ ಸಲ. ಅದೂ 1941ರ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ, ಈಗಿನ ಮಕ್ಕಳು ನೋಡಿದರೆ ನಕ್ಕುಬಿಡುವಂಥದ್ದು. ಹೆಸರು ‘ದಿ ವುಲ್ಫ್ ಮ್ಯಾನ್’. ಮನುಷ್ಯ ರಾತ್ರಿ ತೋಳವಾಗುವ ಕಥೆ. ಪಕ್ಕದಲ್ಲಿ ಅಪ್ಪಯ್ಯ ಕೂತಿದ್ದರು. ಹೊರಗೆ ಮಳೆ, ಕರೆಂಟಿಲ್ಲ. ಲ್ಯಾಪ್‌ಟಾಪ್ ಬೆಳಕಲ್ಲಿ ನನ್ನ ಮುಖ ಅವರಿಗೆ ಕಾಣಬಾರದು ಅಂತ ನೀರು ಕುಡಿಯೋ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದೆ.

ಅದು 2021ರ ಮಳೆಗಾಲ. ಎಲ್ಲರಂತೆ ನಾನೂ ಲ್ಯಾಪ್‌ಟಾಪ್ ಕಟ್ಟಿಕೊಂಡು ಬೆಂಗಳೂರಿಂದ ಊರಿಗೆ ಬಂದಿದ್ದೆ. ತೀರ್ಥಹಳ್ಳಿ ಕಡೆ ನಮ್ಮದೊಂದು ಹಳೇ ಹಂಚಿನ ಮನೆ. ಉಪ್ಪರಿಗೆ, ಉದ್ದ ಜಗಲಿ, ಕತ್ತಲೆ ಕೋಣೆಗಳು, ಕೆಳಗೆ ಅಡಿಕೆ ತೋಟ. ಹತ್ತಿರದ ಮನೆಗೆ ಹೋಗಬೇಕಂದ್ರೂ ಹಳ್ಳ ದಾಟಬೇಕು. ವರ್ಕ್ ಫ್ರಂ ಹೋಮ್ ಅಂತ ಎಲ್ಲರಿಗೂ ಹೇಳಿದ್ದೆ. ನಿಜ ಬೇರೆ ಇತ್ತು.

ನಮ್ಮ ಕೆಲಸದಲ್ಲಿ ಆನ್-ಕಾಲ್ ಅಂತ ಒಂದಿದೆ, ಈ ಫೀಲ್ಡ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಸರದಿಯ ವಾರದಲ್ಲಿ ರಾತ್ರಿ ಎಷ್ಟು ಹೊತ್ತಿಗೆ ಸರ್ವರ್ ಬಿದ್ದರೂ ಫೋನ್ ಕಿರುಚುತ್ತೆ, ಏಳಬೇಕು. ಅಂಥ ಒಂದು ವಾರ, ರಾತ್ರಿ ಎರಡೂವರೆ ದಾಟಿತ್ತು, ಅಲಾರಂ ಬಂತು. ಎದ್ದೆ. ಸಮಸ್ಯೆ ಸಣ್ಣದೇ, ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಆಮೇಲೆ ಎದೆ ಬಡಿತ ಇಳಿಯಲೇ ಇಲ್ಲ. ಕೈ ಜೋಮು, ಉಸಿರು ಸಿಗ್ತಿಲ್ಲ, ಈಗ ಸಾಯ್ತೀನಿ ಅನ್ನೋದು ಖಾತ್ರಿ. ರೂಮ್‌ಮೇಟ್ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ. ಇಸಿಜಿ ನಾರ್ಮಲ್. “ಹಾರ್ಟ್ ಅಲ್ಲ ಇದು, ಪ್ಯಾನಿಕ್ ಅಟ್ಯಾಕ್ ಥರ ಕಾಣ್ತಿದೆ. ಒಬ್ಬ ಸೈಕಿಯಾಟ್ರಿಸ್ಟ್‌ನ ನೋಡಿ” ಅಂದರು ಡ್ಯೂಟಿ ಡಾಕ್ಟರ್. ನಾನು ನೋಡಲಿಲ್ಲ. ಊರಿಗೆ ಬಂದೆ. ಊರಲ್ಲೂ ರಾತ್ರಿ ಬರ್ತದೆ ಅನ್ನೋದು ಮರೆತಿದ್ದೆ.

ಮೂರನೇ ಸಲ ಆದಾಗ ಅಪ್ಪಯ್ಯನಿಗೆ ಹೇಳಿದೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಆ ವರ್ಷವಷ್ಟೇ ರಿಟೈರ್ ಆಗಿದ್ದರು. ಜಗಲಿಯಲ್ಲಿ ಕೂತು ಪೂರ್ತಿ ಕೇಳಿದರು. ಆಮೇಲೆ ಪಾಠ ಮಾಡಿದರು: ಕಿಡ್ನಿ ಮೇಲೆ ಅಡ್ರಿನಲ್ ಗ್ರಂಥಿ ಇರ್ತದೆ, ಅಪಾಯ ಬಂದಾಗ ಅದು ಅಡ್ರಿನಲಿನ್ ಬಿಡ್ತದೆ, ಎದೆ ಬಡಿತ ಏರ್ತದೆ, ಓಡೋಕೋ ಹೊಡೆದಾಡೋಕೋ ದೇಹ ತಯಾರಾಗ್ತದೆ. “ಇದು ಪ್ರಕೃತಿ ಮಾರಾಯ, ಕಾಯಿಲೆ ಅಲ್ಲ. ಬೆಳಗ್ಗೆ ಎದ್ದು ತೋಟಕ್ಕೆ ಹೋಗು, ಎಲ್ಲ ಸರಿಯಾಗ್ತದೆ.” ಅವರು ಹೇಳಿದ ವಿಜ್ಞಾನದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಡಾಕ್ಟರ್ ಮಾತು ಎತ್ತಿದೆ. ಸ್ವಲ್ಪ ಹೊತ್ತು ಅಂಗಳ ನೋಡ್ತಾ ಕೂತರು. “ಪೇಟೆಯಲ್ಲಿ ಯಾರಿಗೆ ತೋರಿಸಿದ್ರೂ ನಾಳೆಗೆ ಊರಿಗೆಲ್ಲ ಗೊತ್ತಾಗ್ತದೆ. ತಂಗಿದು ಮಾತುಕತೆ ನಡೀತಾ ಉಂಟಲ್ಲ” ಅಂದರು. ಅಲ್ಲಿಗೆ ಆ ಮಾತು ಮುಗೀತು.

ನಿದ್ದೆ ಬರದ ರಾತ್ರಿಗಳಲ್ಲಿ ಹಳೇ ಹಾರರ್ ಸಿನಿಮಾಗಳನ್ನ ನೋಡೋ ಚಟ ಅಂಟಿಕೊಂಡಿತ್ತು. ಅಷ್ಟೇ ಕಾರಣ, ಬೇರೇನೂ ಯೋಜನೆ ಇರಲಿಲ್ಲ. ಆ ಸಂಜೆ ‘ದಿ ವುಲ್ಫ್ ಮ್ಯಾನ್’ ಡೌನ್‌ಲೋಡ್ ಮಾಡಿಟ್ಟಿದ್ದೆ. ಕರೆಂಟ್ ಹೋದ ಮೇಲೆ ಜಗಲಿಯಲ್ಲಿ ಹಾಕ್ಕೊಂಡು ಕೂತಾಗ ಅಪ್ಪಯ್ಯ ಬಂದು, “ಎಂತ ಸಿನಿಮಾ ಅದು?” ಅಂತ ಪಕ್ಕದಲ್ಲಿ ಕೂತರು. 70 ನಿಮಿಷದ್ದು ಅಂದೆ. “ಹಂಗಾದ್ರೆ ನೋಡ್ಬಹುದು” ಅಂದರು.

ಕಥೆ ನಡೆಯೋದು ವೇಲ್ಸ್‌ನ ಒಂದು ಹಳ್ಳಿಯಲ್ಲಿ. ಹಳ್ಳಿಯಿಂದ ಆಚೆ ಟಾಲ್ಬಟ್ ಕ್ಯಾಸಲ್, ಅಂದ್ರೆ ತಲೆಮಾರುಗಳಿಂದ ಒಂದೇ ಮನೆತನ ಇರುವ ಕಲ್ಲಿನ ಕೋಟೆಮನೆ. ನಿಜವಾದ ವೇಲ್ಸ್ ಅಲ್ಲ, ಎಲ್ಲ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದ ಸೆಟ್ಟು. ಸೆಟ್ಟು ಅಂತ ಗೊತ್ತಾಗ್ತದೆ ಕೂಡ. ಕಾಡಿನ ಮರಗಳೆಲ್ಲ ಒಂದೇ ಥರ, ಮೊಣಕಾಲವರೆಗೆ ಹೊಗೆಯ ಮಂಜು. ಆದರೆ ಆ ಮಂಜಿನಲ್ಲಿ ಎರಡು ಹೆಜ್ಜೆ ಆಚೆ ಏನಿದೆ ಅಂತ ಕಾಣೋದಿಲ್ಲ. ಮಲೆನಾಡಿನ ಆಷಾಢ ನೋಡಿದವರಿಗೆ ಅದೇನೂ ನಾಟಕೀಯ ಅನ್ನಿಸೋದಿಲ್ಲ.

ಲ್ಯಾರಿ ಟಾಲ್ಬಟ್ 18 ವರ್ಷ ಅಮೆರಿಕದಲ್ಲಿದ್ದು ಮನೆಗೆ ಬರ್ತಾನೆ. ಬೇಟೆಯಲ್ಲಿ ಆದ ಅವಘಡದಲ್ಲಿ ಅಣ್ಣ ತೀರಿಕೊಂಡಿದ್ದಾನೆ. ಕ್ಯಾಸಲ್‌ಗೆ ಈಗ ಇವನೇ ವಾರಸುದಾರ. ಅಪ್ಪ ಸರ್ ಜಾನ್ ಓದಿದವನು, ವಿಜ್ಞಾನದ ಹುಚ್ಚಿನವನು, ಮನೆಯ ಮೇಲೆ ಟೆಲಿಸ್ಕೋಪ್ ಇಟ್ಟುಕೊಂಡಿದ್ದಾನೆ. ಮೊದಲ ಹತ್ತು ನಿಮಿಷದಲ್ಲೇ ಅಪ್ಪ ಮಗ ಒಂದು ಮಾತಾಡ್ತಾರೆ. ನಮ್ಮ ಮನೆತನದಲ್ಲಿ ಗಂಡಸರು ಬಿಗಿಯಾಗಿರಬೇಕು, ಒಳಗಿದ್ದದ್ದನ್ನ ತೋರಿಸಬಾರದು ಅನ್ನೋದು ಪದ್ಧತಿ, ಅದರಿಂದ ಎಷ್ಟೋ ಸಲ ಕೆಟ್ಟದ್ದೇ ಆಗಿದೆ ಅಂತ ಅಪ್ಪನೇ ಒಪ್ಪಿಕೊಳ್ತಾನೆ. ಇನ್ನು ಮುಂದೆ ಹಾಗೆ ಬೇಡ ಅಂತ ಇಬ್ಬರೂ ಕೈ ಕುಲುಕ್ತಾರೆ. ಹಾರರ್ ಸಿನಿಮಾಗೆ ಇದೇನು ಪೀಠಿಕೆ ಅಂತ ಮೊದಲ ಸಲ ನನಗೂ ಅನ್ನಿಸಿತ್ತು. ಇಡೀ ಸಿನಿಮಾ ಆ ಕೈಕುಲುಕು ಮುರಿದು ಬೀಳೋ ಕಥೆ ಅಂತ ಆಮೇಲೆ ಹೊಳೀತು.

ಮಗನಿಗೆ ಥಿಯರಿ ತಲೆಗೆ ಹತ್ತೋದಿಲ್ಲ, ಕೈಕೆಲಸ ಗೊತ್ತು. ಬಂದ ದಿನವೇ ಟೆಲಿಸ್ಕೋಪ್‌ನ ಲೆನ್ಸ್ ಕೂರಿಸಿ ಸರಿ ಮಾಡ್ತಾನೆ. ಅಪ್ಪಯ್ಯ ಮುಂದಕ್ಕೆ ಬಾಗಿದರು. 1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರು ಕೆಲಸಕ್ಕೆ ಸೇರಿದ ಹೊಸತು, ಬೆಳಗಿನ ಜಾವ ಮಕ್ಕಳನ್ನ ಗುಡ್ಡಕ್ಕೆ ಹತ್ತಿಸಿ ಶಾಲೆಯ ಸಣ್ಣ ಟೆಲಿಸ್ಕೋಪ್‌ನಲ್ಲಿ ತೋರಿಸಿದ್ದರಂತೆ. ಆ ಕಥೆ ನಾನು ನೂರು ಸಲ ಕೇಳಿದ್ದೇನೆ, ಆ ರಾತ್ರಿ ನೂರಾ ಒಂದನೇ ಸಲ ಕೇಳಿದೆ. ಸಿನಿಮಾದಲ್ಲಿ ಲ್ಯಾರಿ ಟೆಲಿಸ್ಕೋಪನ್ನ ಆಕಾಶದಿಂದ ಕೆಳಗಿಳಿಸಿ ಹಳ್ಳಿ ಕಡೆ ತಿರುಗಿಸಿ, ಅಂಗಡಿಯ ಮೇಲಿನ ಕಿಟಕಿಯಲ್ಲಿದ್ದ ಹುಡುಗಿಯನ್ನ ನೋಡ್ತಾನೆ. “ಥೂ, ಇವನಿಗೆ ಬುದ್ಧಿ ಇಲ್ಲ” ಅಂದರು ಅಪ್ಪಯ್ಯ. ಲ್ಯಾರಿಯ ಆ ವರ್ತನೆ ನನಗೂ ಕಿರಿಕಿರಿಯೇ. ಆದರೆ ಸಿನಿಮಾ ಅವನನ್ನ ದೇವರಂಥ ಮನುಷ್ಯ ಅಂತ ತೋರಿಸೋದಿಲ್ಲ. ಸಾಮಾನ್ಯದವನು, ಸ್ವಲ್ಪ ಒರಟ, ಮನಸ್ಸು ಒಳ್ಳೇದು.

ಆ ಹುಡುಗಿ ಗ್ವೆನ್‌ಳ ಅಂಗಡಿಯಲ್ಲೇ ಅವನು ಬೆಳ್ಳಿ ಹಿಡಿಯ ಒಂದು ಕೈಗೋಲು ಕೊಳ್ತಾನೆ. ಹಿಡಿಯಲ್ಲಿ ತೋಳದ ತಲೆ, ಐದು ಮೂಲೆಯ ನಕ್ಷತ್ರ. ರಾತ್ರಿ ಗ್ವೆನ್ ಮತ್ತವಳ ಗೆಳತಿ ಜೊತೆ ಕಾಡಂಚಿನ ಜಿಪ್ಸಿ ಬಿಡಾರಕ್ಕೆ ಭವಿಷ್ಯ ಕೇಳೋಕೆ ಹೋಗ್ತಾರೆ. ಭವಿಷ್ಯ ಹೇಳುವವನು ಗೆಳತಿಯ ಅಂಗೈಯಲ್ಲಿ ಅದೇ ನಕ್ಷತ್ರ ಕಂಡು ಬೆಚ್ಚಿ ಬೀಳ್ತಾನೆ. ತೋಳವಾಗುವವನಿಗೆ ತನ್ನ ಮುಂದಿನ ಬಲಿಯ ಅಂಗೈಯಲ್ಲಿ ಅದು ಕಾಣ್ತದೆ. ಅವಳ ಮೇಲೆ ತೋಳ ಬೀಳ್ತದೆ, ಲ್ಯಾರಿ ಓಡಿ ಹೋಗಿ ಅದನ್ನ ಕೋಲಿನಿಂದ ಹೊಡೆದು ಕೊಲ್ತಾನೆ, ಅಷ್ಟರಲ್ಲಿ ಅದು ಅವನ ಎದೆಗೆ ಕಚ್ಚಿರ್ತದೆ. ಬೆಳಗ್ಗೆ ನೋಡಿದರೆ ತೋಳದ ಹೆಣ ಇಲ್ಲ. ಅಲ್ಲಿ ಬಿದ್ದಿರೋದು ಆ ಜಿಪ್ಸಿ. ಲ್ಯಾರಿಯ ಗಾಯವೂ ಮಾಯ. ನಾನು ತೋಳ ಕೊಂದೆ ಅಂತಾನೆ. ತೋಳ ಎಲ್ಲಿ, ಗಾಯ ಎಲ್ಲಿ ಅಂತಾರೆ.

ಗಾಯ ತೋರಿಸು. ಇಸಿಜಿ ನಾರ್ಮಲ್ ಬಂದವರಿಗೆ ಈ ಪ್ರಶ್ನೆಯ ಕಷ್ಟ ಗೊತ್ತಿರ್ತದೆ.

ಆ ಜಿಪ್ಸಿ ಪಾತ್ರ ಮಾಡಿದ್ದು ಬೇಲಾ ಲುಗೋಸಿ, ಹತ್ತು ವರ್ಷ ಹಿಂದೆ ಡ್ರಾಕುಲಾ ಆಗಿ ಜಗತ್ತನ್ನ ಹೆದರಿಸಿದವನು. ಇಲ್ಲಿ ಕೆಲವೇ ನಿಮಿಷ ಇದ್ದು ಹೋಗ್ತಾನೆ. ಅವನು ತೋಳವಾದಾಗ ನಾಲ್ಕು ಕಾಲಿನ ಪ್ರಾಣಿ, ಲ್ಯಾರಿ ತೋಳವಾದಾಗ ಮಾತ್ರ ಎರಡು ಕಾಲ ಮೇಲೆ ಪ್ಯಾಂಟು ಹಾಕ್ಕೊಂಡು ನಡೀತಾನೆ. ಯಾಕೆ ಅಂತ ಸಿನಿಮಾ ಹೇಳೋದಿಲ್ಲ. ಇನ್ನೊಂದು ಬಗ್ ಕೂಡ ಇದೆ: ರೂಪ ಬದಲಾಗೋಕೆ ಮುಂಚೆ ಲ್ಯಾರಿ ಬನಿಯನ್‌ನಲ್ಲಿ ಕೂತಿರ್ತಾನೆ, ಮರುಕ್ಷಣ ಕಾಡಿನಲ್ಲಿ ಗುಂಡಿ ಹಾಕಿದ ಕಪ್ಪು ಶರ್ಟಿನಲ್ಲಿರ್ತಾನೆ. ತೋಳ ಶರ್ಟು ಹಾಕ್ಕೊಂಡು ಹೊರಗೆ ಹೋಯ್ತಾ ಅಂತ ನಾನು ನಕ್ಕೆ. ಅಪ್ಪಯ್ಯ ನಗಲಿಲ್ಲ. “ಮನೆತನದವರಲ್ವಾ, ಬನಿಯನ್‌ನಲ್ಲಿ ಹೊರಗೆ ಹೋಗೋದಿಲ್ಲ” ಅಂದರು. ಅವರು ಜೋಕ್ ಮಾಡಿದ್ದು ಅಂತ ಗೊತ್ತಾಗೋಕೆ ನನಗೆ ಎರಡು ಸೆಕೆಂಡ್ ಬೇಕಾಯ್ತು.

ರೂಪಾಂತರವನ್ನ ಈ ಸಿನಿಮಾ ತೋರಿಸೋದು ಕಾಲಿನಲ್ಲಿ. ಲ್ಯಾರಿ ಗಾಬರಿಯಿಂದ ಬೂಟು, ಕಾಲುಚೀಲ ಬಿಚ್ಚಿ ನೋಡಿಕೊಳ್ತಾನೆ, ಕೂದಲು ದಟ್ಟವಾಗ್ತಾ ಹೋಗ್ತದೆ, ಪಾದ ಪಂಜಾ ಆಗ್ತದೆ. ಕ್ಯಾಮೆರಾ ಕದಲದಂತೆ ಇಟ್ಟು, ಮೇಕಪ್ ಸ್ವಲ್ಪ ಸ್ವಲ್ಪ ಸೇರಿಸ್ತಾ ಒಂದೊಂದೇ ಶಾಟ್ ತೆಗೆದು, ಒಂದರೊಳಗೆ ಒಂದನ್ನ ಕರಗಿಸಿದ್ದು. ಮೇಕಪ್ ಜ್ಯಾಕ್ ಪಿಯರ್ಸ್‌ನದು, ಫ್ರಾಂಕನ್‌ಸ್ಟೈನ್‌ನ ಚೌಕಾಕಾರದ ತಲೆ ಮಾಡಿದವನೇ. ಯಾಕ್ ಪ್ರಾಣಿಯ ಕೂದಲನ್ನ ಮುಖಕ್ಕೆ ಅಂಟಿಸ್ತಿದ್ದ, ಗಂಟೆಗಟ್ಟಲೆ ಹಿಡೀತಿತ್ತು.

ನಾನು ಆ ಕಾಲಿನ ದೃಶ್ಯಕ್ಕೆ ಹೆದರಿದೆ. ಕೂದಲಿಗಲ್ಲ. ಅವನು ಬೂಟು ಬಿಚ್ಚೋ ಅವಸರಕ್ಕೆ. ಏನೋ ಶುರುವಾಗ್ತಿದೆ ಅಂತ ಒಳಗಿಂದ ಗೊತ್ತಾಗಿ, ಹೌದೋ ಅಲ್ಲವೋ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮೈಯನ್ನೇ ಹುಡುಕೋದು. ರಾತ್ರಿ ಎರಡು ಗಂಟೆಗೆ ಎರಡು ಬೆರಳು ಕುತ್ತಿಗೆಗೆ ಒತ್ತಿ ನಾಡಿ ಎಣಿಸ್ತಾ ಕೂತವನಿಗೆ ಆ ಅವಸರದ ಗುರುತು ಹತ್ತದೆ ಇರೋದಿಲ್ಲ.

ನಮ್ಮಲ್ಲಿ ಹೆದರಿಕೆ ಅಮಾವಾಸ್ಯೆಗೆ, ಹುಣ್ಣಿಮೆಗೆ ಪೂಜೆ. ಯುರೋಪಿನವರಿಗೆ ಬೆಳದಿಂಗಳೇ ಭಯ. ಹುಣ್ಣಿಮೆಗೆ ಮನುಷ್ಯ ತೋಳವಾಗ್ತಾನೆ ಅನ್ನೋದು ಈಗ ಮಕ್ಕಳಿಗೂ ಗೊತ್ತಿರುವ ನಿಯಮ. ತಮಾಷೆ ಅಂದ್ರೆ ಈ ಸಿನಿಮಾದಲ್ಲಿ ಹುಣ್ಣಿಮೆಯ ನಿಯಮ ಇಲ್ಲ. ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಒಂದು ಸಣ್ಣ ಪದ್ಯ ಇದೆ, ಎಷ್ಟೇ ಒಳ್ಳೆಯವನಾದರೂ ತೋಳವಾಗಬಹುದು ಅನ್ನುವಂಥದ್ದು. ಅದರಲ್ಲಿ ಬರೋದು ಒಂದು ಗಿಡ ಹೂ ಬಿಡುವ ಕಾಲ ಮತ್ತು ಶರತ್ಕಾಲದ ಚಂದ್ರ. ಹುಣ್ಣಿಮೆ ಗಟ್ಟಿಯಾದದ್ದು 1943ರ ಮುಂದಿನ ಭಾಗದಲ್ಲಿ. ಆ ಪದ್ಯವನ್ನ ಎಷ್ಟೋ ಜನ ಹಳೇ ಜನಪದ ಅಂತ ತಿಳ್ಕೊಂಡಿದ್ದಾರೆ. ಬರೆದದ್ದು ಚಿತ್ರಕಥೆಗಾರ ಕರ್ಟ್ ಸಿಯೋಡ್‌ಮ್ಯಾಕ್. ಬೆಳ್ಳಿಯಿಂದಲೇ ತೋಳಮಾನವ ಸಾಯೋದು ಅನ್ನೋದನ್ನ ಜನಪ್ರಿಯ ಮಾಡಿದ್ದೂ ಇದೇ ಸಿನಿಮಾ. ಒಬ್ಬ ಮನುಷ್ಯ ಸ್ಟುಡಿಯೋ ಟೈಪ್‌ರೈಟರ್ ಮುಂದೆ ಕೂತು ಕುಟ್ಟಿದ್ದು ಪುರಾಣವೇ ಆಗಿಹೋಯ್ತು.

ಈ ಸಿಯೋಡ್‌ಮ್ಯಾಕ್ ಜರ್ಮನಿಯ ಯಹೂದಿ. ಓದಿದ್ದು ಗಣಿತ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟವನು. ನಿನ್ನೆವರೆಗೆ ನೆರೆಹೊರೆಯವರಾಗಿದ್ದವರು ಇದ್ದಕ್ಕಿದ್ದಂತೆ ಬೇರೆಯದೇ ಆಗೋದನ್ನ ಕಣ್ಣಾರೆ ಕಂಡವನು. ಬಲಿಯಾಗುವವರ ಮೇಲೆ ನಕ್ಷತ್ರದ ಗುರುತು ಬೀಳೋದು ಎಲ್ಲಿಂದ ಬಂತು ಅಂತ ಇದನ್ನ ತಿಳಿದ ಮೇಲೆ ಬೇರೆ ಹೇಳಬೇಕಾಗಿಲ್ಲ. ಸಿನಿಮಾ ಬಿಡುಗಡೆಯಾದದ್ದೂ 1941ರ ಡಿಸೆಂಬರ್‌ನಲ್ಲಿ, ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ವಾರದಲ್ಲೇ. ಆದರೆ ಕ್ಯಾಸಲ್‌ನಲ್ಲಾಗಲಿ ಹಳ್ಳಿಯಲ್ಲಾಗಲಿ ಯುದ್ಧದ ಒಂದು ಮಾತಿಲ್ಲ.

ನನಗೆ ಇನ್ನೂ ಇಷ್ಟವಾದ ವಿಷಯ ಬೇರೆ. ಮೊದಲ ಡ್ರಾಫ್ಟಿನಲ್ಲಿ ಲ್ಯಾರಿ ಆ ಮನೆಯ ಮಗನೇ ಅಲ್ಲ. ಟೆಲಿಸ್ಕೋಪ್ ಕೂರಿಸೋಕೆ ಬಂದ ಅಮೆರಿಕದ ಟೆಕ್ನಿಷಿಯನ್. ಅಂದ್ರೆ ನಮ್ಮ ಭಾಷೆಯಲ್ಲಿ ಆನ್‌ಸೈಟ್ ಬಂದ ಎಂಜಿನಿಯರ್! ಅವನು ನಿಜವಾಗಿ ತೋಳವಾಗ್ತಾನೋ, ತಾನು ಹಾಗಾಗ್ತೀನಿ ಅಂತ ಅವನಿಗನ್ನಿಸ್ತದೋ ಅನ್ನೋದನ್ನ ಕೊನೆವರೆಗೂ ಬಿಡಿಸದೆ ಇಡೋದು ಸಿಯೋಡ್‌ಮ್ಯಾಕ್‌ನ ಆಸೆ. ಸ್ಟುಡಿಯೋಗೆ ತೋಳ ಬೇಕಿತ್ತು. ತೋಳ ಬಂತು, ಅದರ ಜೊತೆಗೆ ಲ್ಯಾರಿ ಮಗನಾದ. ಬರಹಗಾರರ ಪರವಾಗಿ ಮಾತಾಡೋ ನಾನು ಇಲ್ಲಿ ಮಾತ್ರ ಸ್ಟುಡಿಯೋ ಪರ. ಹೊರಗಿನ ಎಂಜಿನಿಯರ್‌ಗೆ ಹೀಗಾದರೆ ಅವನು ಟ್ರೇನ್ ಹತ್ತಿ ಹೋಗಬಹುದು. ಮಗ ಎಲ್ಲಿಗೆ ಹೋಗ್ತಾನೆ?

ಮಗ ಅಪ್ಪನ ಹತ್ತಿರ ಹೋಗ್ತಾನೆ. ಮನುಷ್ಯ ತೋಳವಾಗೋದು ನಿಜವಾ ಅಂತ ಕೇಳ್ತಾನೆ. ಸರ್ ಜಾನ್ ಶಾಂತವಾಗಿ ವಿವರಿಸ್ತಾನೆ. ಅದಕ್ಕೆ ಲೈಕ್ಯಾಂತ್ರಪಿ ಅಂತ ಹೆಸರು, ಸ್ಕಿಜೋಫ್ರೇನಿಯಾದ ಒಂದು ಬಗೆ, ಮನಸ್ಸಿನೊಳಗಿನ ಕೆಟ್ಟದ್ದು ಪ್ರಾಣಿಯ ರೂಪ ತಾಳ್ತದೆ ಅಷ್ಟೇ. ಇದೆಲ್ಲ ನನಗೆ ಗ್ರೀಕ್ ಭಾಷೆ ಕೇಳಿದ ಹಾಗಿದೆ ಅಂತಾನೆ ಮಗ. ಅದು ಗ್ರೀಕ್ ಪದವೇ ಅಂತಾನೆ ಅಪ್ಪ. ಎಂಥ ಒಳ್ಳೆ ಪಾಠ. ಕಾಯಿಲೆಯ ಹೆಸರು ಗೊತ್ತು, ಹೆಸರಿನ ಮೂಲ ಗೊತ್ತು. ಎದುರಿಗೆ ನಿಂತವನು ಯಾಕೆ ಕೇಳ್ತಿದ್ದಾನೆ ಅನ್ನೋದು ಮಾತ್ರ ಗೊತ್ತಾಗಲಿಲ್ಲ. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಜಗಲಿಯಲ್ಲಿ ಅಡ್ರಿನಲಿನ್ ಪಾಠ ಆಗಿ ಎಂಟು ದಿನವೂ ಆಗಿರಲಿಲ್ಲ.

ಆಮೇಲೆ ಚರ್ಚಿನ ದೃಶ್ಯ. ಲ್ಯಾರಿ ತಡವಾಗಿ ಬಂದು ಬಾಗಿಲಲ್ಲಿ ನಿಲ್ತಾನೆ. ಮೊದಲು ಒಬ್ಬರು ತಿರುಗ್ತಾರೆ, ಆಮೇಲೆ ಇನ್ನೊಬ್ಬರು, ಸಾಲು ಸಾಲಾಗಿ ತಲೆಗಳು ಅವನ ಕಡೆ ತಿರುಗ್ತವೆ. ಅಪ್ಪ ಮುಂದಿನ ಸಾಲಿನಲ್ಲಿದ್ದಾನೆ. ಅಲ್ಲಿವರೆಗೆ ನಡೆದು ಹೋಗಿ ಪಕ್ಕದಲ್ಲಿ ಕೂತರಾಯ್ತು. ಅವನಿಂದ ಆಗೋದಿಲ್ಲ, ಹೊರಟು ಹೋಗ್ತಾನೆ. ಒಂದು ಹನಿ ರಕ್ತ ಇಲ್ಲ, ಮೇಕಪ್ ಇಲ್ಲ. ಇಡೀ ಸಿನಿಮಾದಲ್ಲಿ ಇದಕ್ಕಿಂತ ಭಯಂಕರವಾದದ್ದು ನನಗೆ ಕಾಣಲಿಲ್ಲ. ನಾನು ಆ ತಿಂಗಳು ಸೋದರತ್ತೆ ಮನೆಯ ಉಪನಯನಕ್ಕೆ ಹೋಗಿ, ಊಟದ ಪಂಕ್ತಿ ಏಳೋ ಮುಂಚೆ ಹಿತ್ತಿಲಲ್ಲಿ ಹೋಗಿ ನಿಂತಿದ್ದೆ. ಯಾರೂ ನನ್ನನ್ನ ನೋಡ್ತಿರಲಿಲ್ಲ, ಎಲ್ಲರೂ ನೋಡ್ತಿದ್ದಾರೆ ಅಂತ ಅನ್ನಿಸ್ತಿತ್ತು. ಯಾಕೆ ಎದ್ದೆ ಅಂತ ಯಾರೋ ಕೇಳಿದ್ದಕ್ಕೆ “ಗ್ಯಾಸ್ಟ್ರಿಕ್” ಅಂತ ಅಪ್ಪಯ್ಯ ನನ್ನ ಪರವಾಗಿ ಉತ್ತರ ಕೊಟ್ಟಿದ್ದರು.

ಲ್ಯಾರಿಯಾಗಿ ನಟಿಸಿದ ಲಾನ್ ಚೇನಿಯ ಹೆಸರಲ್ಲೇ ಒಂದು ಕಥೆ ಇದೆ. ಅದು ಅಪ್ಪನ ಹೆಸರು. ಮೂಕಿ ಚಿತ್ರಗಳ ಕಾಲದಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ ಮಾಡಿದ, ಸಾವಿರ ಮುಖಗಳವನು ಅಂತ ಹೆಸರಾದ ಮಹಾನಟ ಆ ಅಪ್ಪ. ಮಗ ನಟನಾಗೋದು ಅವನಿಗೆ ಬೇಡವಾಗಿತ್ತು. ಮಗನ ನಿಜವಾದ ಹೆಸರು ಕ್ರೈಟನ್. 1930ರಲ್ಲಿ ಅಪ್ಪ ತೀರಿಕೊಂಡ ಮೇಲೆ ಸಿನಿಮಾಕ್ಕೆ ಬಂದ, ಸ್ವಂತ ಹೆಸರಲ್ಲಿ ಮೇಲೆ ಬರಲಿಲ್ಲ, 1935ರಲ್ಲಿ ಲಾನ್ ಚೇನಿ ಜೂನಿಯರ್ ಆದ. ‘ದಿ ವುಲ್ಫ್ ಮ್ಯಾನ್’ ಹೊತ್ತಿಗೆ ಪರದೆ ಮೇಲಿಂದ ಆ ‘ಜೂನಿಯರ್’ ಕೂಡ ಹೋಗಿತ್ತು. ಟಾಲ್ಬಟ್ ಹೆಸರಿನ ಭಾರ ಹೊರೋ ಮಗನ ಪಾತ್ರಕ್ಕೆ ಅವನು ಹೆಚ್ಚು ನಟಿಸಬೇಕಾಗಿರಲಿಲ್ಲ ಅಂತ ನನ್ನ ಊಹೆ. ಅವನು ದೊಡ್ಡ ಆಳು. ಅಪ್ಪನ ಪಾತ್ರದ ಕ್ಲಾಡ್ ರೇನ್ಸ್ ಕುಳ್ಳು, ಸಪೂರ. ಇವರಿಬ್ಬರೂ ಅಪ್ಪ ಮಗ ಅಂತ ನಂಬೋದೇ ಕಷ್ಟ ಅಂತ ಬರೆದವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಅಪ್ಪಯ್ಯನ ತಲೆ ನನ್ನ ಭುಜಕ್ಕೆ ಬರ್ತದೆ, ಆದರೂ ಅವರ ಎದುರು ನಿಂತಾಗ ನಾನೇ ಕೆಳಗಿಂದ ನೋಡ್ತಿರ್ತೇನೆ.

ಇನ್ನು ಡಾಕ್ಟರ್ ದೃಶ್ಯ. ಲ್ಯಾರಿ ಒಳಗಿಂದ ಒಳಗೇ ಸೀಳಿ ಹೋಗ್ತಿದ್ದಾನೆ, ಅವನನ್ನ ಈ ಊರಿಂದ ಕಳಿಸಿ, ಚಿಕಿತ್ಸೆ ಆಗಲಿ ಅಂತಾನೆ ಹಳ್ಳಿಯ ಡಾಕ್ಟರ್. ಸರ್ ಜಾನ್ ಸಿಟ್ಟಾಗ್ತಾನೆ. ನನ್ನ ಮಗನಿಗೆ ಹುಷಾರಿಲ್ಲ ಅಂದ್ರೆ ಅವನು ಇರಬೇಕಾದ್ದು ಅವನ ಮನೆಯಲ್ಲಿ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ನಿಮಗೆ ಮಗನ ಆರೋಗ್ಯಕ್ಕಿಂತ ಮನೆತನದ ಹೆಸರು ಹೆಚ್ಚಾಯ್ತಾ ಅಂತ ಡಾಕ್ಟರ್ ನೇರವಾಗಿ ಕೇಳಿಬಿಡ್ತಾನೆ.

ಮಳೆ ಜೋರಾಗಿತ್ತು. ಹಂಚಿನ ಮೇಲಿನ ಸದ್ದಿಗೆ ಡೈಲಾಗ್ ಸರಿಯಾಗಿ ಕೇಳ್ತಿರಲಿಲ್ಲ, ಸಬ್‌ಟೈಟಲ್ ಓದ್ತಿದ್ದೆವು. “ಸ್ವಲ್ಪ ಹಿಂದೆ ಹಾಕು, ಓದೋಕೆ ಆಗ್ಲಿಲ್ಲ” ಅಂದರು ಅಪ್ಪಯ್ಯ. ಹಿಂದೆ ಹಾಕಿದೆ. ಎರಡನೇ ಸಲ ಓದಿ ಸುಮ್ಮನಾದರು. ಬ್ಯಾಟರಿ 31 ಪರ್ಸೆಂಟ್ ಇತ್ತು. ಅದು ಯಾಕೆ ನೆನಪಿದೆ ಅಂದ್ರೆ ಪರದೆಯ ಮೂಲೆಯಲ್ಲಿ ನಾನು ನೋಡ್ತಿದ್ದದ್ದು ಅದೊಂದನ್ನೇ.

ಸರ್ ಜಾನ್ ಕೆಟ್ಟವನಲ್ಲ. ಸಿನಿಮಾ ಗಟ್ಟಿಯಾಗಿ ನಿಂತಿರೋದು ಅದರಿಂದಲೇ. ಅವನಿಗೆ ಮಗನ ಮೇಲೆ ಪ್ರೀತಿ ಇದೆ, ಮಗ ಕೊಲೆಗಾರ ಅಲ್ಲ ಅನ್ನೋ ನಂಬಿಕೆ ಇದೆ. ಆ ನಂಬಿಕೆಯಿಂದಲೇ ಮಗ ಹೇಳೋದನ್ನ ನಂಬೋದಿಲ್ಲ. 2010ರಲ್ಲಿ ಇದೇ ಕಥೆಯನ್ನ ಬೆನಿಸಿಯೋ ಡೆಲ್ ಟೊರೊ, ಆಂಥನಿ ಹಾಪ್ಕಿನ್ಸ್ ಇಟ್ಟು ಮತ್ತೆ ತೆಗೆದರು. ಅದರಲ್ಲಿ ಅಪ್ಪನೇ ಮೊದಲ ತೋಳ. ಮೇಕಪ್‌ಗೆ ಆಸ್ಕರ್ ಬಂತು, ಕ್ಯಾಸಲ್ ಇನ್ನೂ ದೊಡ್ಡದು, ಜೇಡರ ಬಲೆ ಇನ್ನೂ ಹೆಚ್ಚು. ಅಪ್ಪ ರಾಕ್ಷಸ ಅಂತಾದರೆ ಕೆಲಸ ಸುಲಭ, ಹೊಡೆದಾಡಬಹುದು. ಪ್ರೀತಿಯಿಂದ ಬಾಗಿಲು ಹಾಕುವ ಅಪ್ಪನ ಜೊತೆ ಹೇಗೆ ಹೊಡೆದಾಡೋದು?

ಬಾಗಿಲು ಹಾಕೋದು ಅಕ್ಷರಶಃ ನಡೀತದೆ. ಗ್ವೆನ್‌ಳ ಅಂಗೈಯಲ್ಲಿ ನಕ್ಷತ್ರ ಕಂಡ ಲ್ಯಾರಿ ಓಡಿ ಬಂದು ಅಪ್ಪನ ಮುಂದೆ ಎಲ್ಲ ಹೇಳಿಬಿಡ್ತಾನೆ. ಕೊಂದವನು ನಾನೇ, ಇವತ್ತು ರಾತ್ರಿ ಮತ್ತೆ ಆಗ್ತದೆ ಅಂತಾನೆ. ಅಪ್ಪ ಅವನನ್ನ ಕಿಟಕಿ ಎದುರಿನ ಕುರ್ಚಿಗೆ ಪಟ್ಟಿ ಬಿಗಿದು ಕಟ್ಟಿಹಾಕ್ತಾನೆ. ಏನೂ ಆಗೋದಿಲ್ಲ, ಎಲ್ಲ ನಿನ್ನ ಮನಸ್ಸಿನ ಆಟ ಅಂತ ಸಾಬೀತು ಮಾಡೋಕೆ. ಆಮೇಲೆ ತೋಳದ ಬೇಟೆಗೆ ಹೊರಟ ಊರಿನವರ ಜೊತೆ ತಾನೂ ಹೊರಡ್ತಾನೆ. ಬೆಳ್ಳಿ ಹಿಡಿಯ ಕೋಲನ್ನ ಜೊತೆಗೆ ತಗೊಂಡು ಹೋಗಿ ಅಂತ ಮಗ ಗೋಗರೀತಾನೆ. ತನ್ನಿಂದ ಅಪ್ಪನನ್ನ ಕಾಪಾಡೋಕೆ, ತನ್ನನ್ನ ಕೊಲ್ಲಬಲ್ಲ ಒಂದೇ ವಸ್ತುವನ್ನ ಅಪ್ಪನ ಕೈಗೆ ಕೊಡ್ತಿದ್ದಾನೆ. ಅಪ್ಪ ಸಮಾಧಾನ ಮಾಡೋ ಹಾಗೆ ಅದನ್ನ ತಗೊಂಡು ಹೋಗ್ತಾನೆ.

“ಕೂತು ನೋಡ್ಬೇಕಿತ್ತು” ಅಂದರು ಅಪ್ಪಯ್ಯ. ನನಗೆ ಅರ್ಥವಾಗಲಿಲ್ಲ. “ಯಾರು?” ಅಂದೆ.

“ಅಪ್ಪ. ಪ್ರಯೋಗ ಅಂತ ಮಾಡಿದ ಮೇಲೆ ಕೂತು ನೋಡ್ಬೇಕು. ಕಟ್ಟಿಹಾಕಿ ಎದ್ದು ಹೋದ್ರೆ ಎಂತ ಗೊತ್ತಾಗ್ತದೆ?”

ಮೇಷ್ಟ್ರ ಮಾತು. ಅದರಲ್ಲಿ ಬೇರೆ ಏನಾದರೂ ಇತ್ತಾ, ಇವತ್ತಿಗೂ ಕೇಳಿಲ್ಲ.

ಮಂಜಿನ ಕಾಡಿನಲ್ಲಿ ತೋಳ ಗ್ವೆನ್ ಮೇಲೆ ಬೀಳ್ತದೆ. ಸರ್ ಜಾನ್ ಓಡಿ ಬರ್ತಾನೆ, ಕೋಲೆತ್ತಿ ಹೊಡೀತಾನೆ. ಒಂದು ಏಟಲ್ಲ, ಮತ್ತೆ ಮತ್ತೆ. ಸತ್ತ ಜಿಪ್ಸಿಯ ತಾಯಿ ಮಲೇವಾ ಗಾಡಿಯಿಂದ ಇಳಿದು ಬಂದು, ಬಿದ್ದ ಪ್ರಾಣಿಯ ಮೇಲೆ ಬಾಗಿ, ತಾಯಿ ಹೇಳುವಂಥ ನಾಲ್ಕು ಮಾತು ಹೇಳ್ತಾಳೆ. ಮಾರಿಯಾ ಔಸ್ಪೆನ್‌ಸ್ಕಾಯಾ ಅಂತ ರಷ್ಯದ ನಟಿ, ಪುಟ್ಟ ಮುದುಕಿ. ಇಡೀ ಸಿನಿಮಾದಲ್ಲಿ ಲ್ಯಾರಿ ಹೇಳಿದ್ದನ್ನ ತಕ್ಷಣ ನಂಬಿದವಳು ಅವಳೊಬ್ಬಳೇ. ತನ್ನ ಮಗನಿಗೂ ಇದೇ ಆಗಿತ್ತಲ್ಲ. ಅವಳ ಮಾತು ಮುಗಿಯೋ ಹೊತ್ತಿಗೆ ಕೂದಲು ಕರಗ್ತದೆ, ಮೂಗು ಇಳೀತದೆ, ಸರ್ ಜಾನ್ ಕಣ್ಣೆದುರೇ ಅದು ಲ್ಯಾರಿಯ ಮುಖವಾಗ್ತದೆ. ಕಾಲಲ್ಲಿ ಮಾತ್ರ ತೋರಿಸಿದ್ದ ಬದಲಾವಣೆಯನ್ನ ಸಿನಿಮಾ ಮುಖದಲ್ಲಿ ತೋರಿಸೋದು ಇಲ್ಲಿ, ಹಿಂದು ಮುಂದಾಗಿ. ತೋಳದಿಂದ ಮಗನಿಗೆ. ಆ ಹೊತ್ತಿಗೆ ಕ್ಲಾಡ್ ರೇನ್ಸ್ ಏನೂ ಮಾಡೋದಿಲ್ಲ. ಕೋಲು ಹಿಡಿದು ನೋಡ್ತಾ ನಿಲ್ತಾನೆ. ನಾನು ನೀರು ಕುಡಿಯೋಕೆ ಎದ್ದದ್ದು ಆಗಲೇ.

ವಾಪಸ್ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಕೊನೆಯಲ್ಲಿ ಏನಾಯ್ತು ಅಂತ ಅಪ್ಪಯ್ಯನೇ ಹೇಳಿದರು. ಬೇಟೆಯವರು ಬರ್ತಾರೆ. ತೋಳ ಹುಡುಗಿಯ ಮೇಲೆ ಬಿದ್ದಿತ್ತು, ಲ್ಯಾರಿ ಬಿಡಿಸೋಕೆ ಬಂದು ಸತ್ತ ಅಂತ ಪೊಲೀಸ್ ಅಧಿಕಾರಿ ಕಥೆ ಕಟ್ಟಿಬಿಡ್ತಾನೆ. “ಮನೆತನದ ಹೆಸರು ಉಳೀತು” ಅಂದರು. ಲ್ಯಾಪ್‌ಟಾಪ್ ಮುಚ್ಚಿದರು. ಕತ್ತಲಾಯ್ತು. ದೀಪ ತರ್ತೀನಿ ಅಂತ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಆ ಸಿನಿಮಾ ನೋಡಿ ಅಪ್ಪಯ್ಯ ಬದಲಾದರು ಅಂತ ಬರೆದರೆ ಸುಳ್ಳಾಗ್ತದೆ. ಮಾರನೇ ಬೆಳಗ್ಗೆ ಎಂದಿನಂತೆ ತೋಟಕ್ಕೆ ಎಬ್ಬಿಸಿದರು. ಎರಡು ವಾರದ ಮೇಲೆ, ಒಂದು ರಾತ್ರಿ ಬಚ್ಚಲಮನೆ ನೆಲದ ಮೇಲೆ ಕೂತು ಉಸಿರಿಗೆ ಒದ್ದಾಡ್ತಿದ್ದ ನನ್ನನ್ನ ಅಮ್ಮ ನೋಡಿದಳು. ಅವಳು ಪಾಠ ಮಾಡಲಿಲ್ಲ. ಬೆನ್ನ ಮೇಲೆ ಕೈ ಇಟ್ಟು ಕೂತಳು. ಅಪ್ಪಯ್ಯನೂ ಎದ್ದು ಬಂದು ಬಾಗಿಲಲ್ಲಿ ನಿಂತರು. ವಾಪಸ್ ಹೋಗಿ ಮಲಗ್ತಾರೆ ಅಂದುಕೊಂಡೆ. ಹೋಗಲಿಲ್ಲ. ಮಣೆ ಎಳೆದುಕೊಂಡು ಬಾಗಿಲ ಹತ್ತಿರವೇ ಕೂತರು, ಅದು ಇಳಿಯೋವರೆಗೆ, ಸುಮಾರು ಅರ್ಧ ಗಂಟೆ. “ಬೆಳಗ್ಗೆ ಹೊರಡಿ ಇಬ್ಬರೂ. ಯಾರಿಗೆ ಗೊತ್ತಾದ್ರೆ ನಂಗೆಂತ” ಅಂತ ಅಮ್ಮ ಅವರ ಕಡೆ ನೋಡದೆ ಹೇಳಿದಳು.

ಶಿವಮೊಗ್ಗಕ್ಕೆ ಹೋದೆವು. ಡಾಕ್ಟರ್ ಮುಕ್ಕಾಲು ಗಂಟೆ ಮಾತಾಡಿಸಿದರು. ಮಾತ್ರೆ ಶುರುವಾಯ್ತು, ಆಮೇಲೆ ಕೌನ್ಸೆಲಿಂಗ್. ಈಗಲೂ ವರ್ಷಕ್ಕೆ ಒಂದೆರಡು ಸಲ ಬರ್ತದೆ, ಬಂದದ್ದು ಏನು ಅಂತ ಗೊತ್ತಿರ್ತದೆ. ಆನ್-ಕಾಲ್ ಇಲ್ಲದ ಟೀಮಿಗೆ ಬದಲಾಯಿಸಿಕೊಂಡೆ. ತಂಗಿಯ ಮದುವೆ ಆಯ್ತು. ಭಾವನಿಗೆ ವಿಷಯ ಮೊದಲೇ ಹೇಳಿದ್ದು ತಂಗಿಯೇ, ನಮಗ್ಯಾರಿಗೂ ಕೇಳದೆ.

ಆ ದಿನ ಡಾಕ್ಟರ ರೂಮಿಂದ ನಾನು ಹೊರಗೆ ಬಂದಾಗ ಅಪ್ಪಯ್ಯ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಊರ ಕಡೆಯವರೊಬ್ಬರು, ಅವರ ಹಳೇ ವಿದ್ಯಾರ್ಥಿಯ ತಂದೆಯಂತೆ. “ಮೇಷ್ಟ್ರೆ, ನೀವೆಂತ ಇಲ್ಲಿ?” ಅಂತ ಅವರು ಕೇಳ್ತಿದ್ದದ್ದು ನನಗೂ ಕೇಳಿಸ್ತು. ನಾನು ಬಾಗಿಲ ಹತ್ತಿರವೇ ನಿಂತೆ. ಗ್ಯಾಸ್ಟ್ರಿಕ್ ಅಂತಾರೆ ಅಂದುಕೊಂಡೆ.

“ಮಗನಿಗೆ ತೋರಿಸ್ಬೇಕಿತ್ತು” ಅಂದರು ಅಪ್ಪಯ್ಯ. ಸ್ವಲ್ಪ ತಡೆದು, “ರಾತ್ರಿ ನಿದ್ದೆ ಬರೋದಿಲ್ಲ ಅವನಿಗೆ” ಅಂದರು. ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿಗೆ ಇನ್ನೂ ಟೈಮಿದೆ, ಕಾಫಿ ಕುಡಿದು ಹೋಗುವ ಬಾ ಅಂತ ಎದ್ದರು.